ಜಾರ್ಜಿಯಾ ಕರಾವಳಿಯಲ್ಲಿ ನಿಧಾನದ ದೋಣಿ: ಮೂರು ದಿನ ಸಾಲುತ್ತಾ?

ದಡದಲ್ಲಿದ್ದವ
ಎಲ್ಲರಿಗೂ ನಮಸ್ಕಾರ. ಅಟ್ಲಾಂಟಾಗೆ ಬಂದು ಹದಿನೈದು ವರ್ಷ ಆಯ್ತು, ಜಾರ್ಜಿಯಾಗೂ ಒಂದು ಸಮುದ್ರ ಇದೆ ಅನ್ನೋದನ್ನ ಟೈಬೀ ಬೀಚ್ ಬಿಟ್ಟು ಬೇರೆಲ್ಲೂ ನೋಡಿಲ್ಲ. ಈಗ ಆಫೀಸಿನ ಗೆಳೆಯರೊಬ್ಬರು ತಮ್ಮ 36 ಅಡಿಯ ಹಳೇ ಟ್ರಾಲರನ್ನ (ಮಲಗೋಕೆ, ಅಡುಗೆಗೆ ಜಾಗ ಇರೋ ನಿಧಾನದ ದೋಣಿ) ಸವಾನಾ ಪಕ್ಕದ ಥಂಡರ್‌ಬೋಲ್ಟಿನಿಂದ ಫ್ಲಾರಿಡಾದ ಫರ್ನಾಂಡಿನಾಗೆ ಒಯ್ಯಬೇಕಂತೆ, ಏಪ್ರಿಲ್‌ನಲ್ಲಿ ಜೊತೆಗೆ ಬನ್ನಿ ಅಂದಿದ್ದಾರೆ. ನಾನು, ಹೆಂಡತಿ, ಹನ್ನೊಂದು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು. ಹೊರಸಮುದ್ರಕ್ಕೆ ಹೋಗಲ್ಲ. ದ್ವೀಪಗಳ ಹಿಂದೆ, ಹುಲ್ಲಿನ ಜೌಗಿನ ನಡುವೆ ಹಾದುಹೋಗೋ ಇಂಟ್ರಾಕೋಸ್ಟಲ್ ವಾಟರ್‌ವೇಯಲ್ಲೇ.

ಲೆಕ್ಕ ಹಾಕಿದೆ. ಆ ದಾರಿಯ 583ನೇ ಮೈಲಿಯಿಂದ 717ನೇ ಮೈಲಿ. ಅಂದ್ರೆ 134 ಮೈಲಿ. ಗಂಟೆಗೆ 7 ಮೈಲಿ ಹಿಡಿದ್ರೂ 19 ಗಂಟೆ. ಮೂರು ದಿನ ಧಾರಾಳ ಆಯ್ತಲ್ಲ? ಗೆಳೆಯರು ಮಾತ್ರ "ಒಂದು ವಾರ ರಜೆ ಹಾಕಿ" ಅಂತಾರೆ, ಯಾಕೆ ಅಂತ ಕೇಳಿದ್ರೆ ನಗ್ತಾರೆ.

ನಿಧಾನಿ
ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಆದ್ರೆ ನೀರನ್ನೇ ಬಿಟ್ಟುಬಿಟ್ಟಿದ್ದೀರಿ.

ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಏಳೆಂಟು ಅಡಿ ವ್ಯತ್ಯಾಸ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇನ್ನೂ ಜಾಸ್ತಿ. ಬೆಳಿಗ್ಗೆ ಏಳು ಅಡಿ ನೀರಿದ್ದ ಜಾಗದಲ್ಲಿ ಮಧ್ಯಾಹ್ನ ಏಡಿ ಓಡಾಡ್ತಿರುತ್ತೆ. ಹೊರಡೋ ಹೊತ್ತನ್ನ ನಿಮ್ಮ ಗಡಿಯಾರ ಹೇಳಲ್ಲ, ಚಂದ್ರ ಹೇಳ್ತಾನೆ. ಅದೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಮುಂದೆ ಹೋಗ್ತಾ ಇರುತ್ತೆ.

ವೇಗದೂತ
ಇದೆಲ್ಲ ಟ್ರಾಲರ್ ಇಟ್ಕೊಂಡವರ ವೇದಾಂತ. ನನ್ನ ಹತ್ರ 24 ಅಡಿಯ ಸೆಂಟರ್ ಕನ್ಸೋಲ್ ಇದೆ, ವೇಗದ ತೆರೆದ ದೋಣಿ, ಅದೇ ದಾರಿ ಒಂದೇ ದಿನದಲ್ಲಿ ಮುಗಿಸಿದ್ದೀನಿ. ಬೆಳಿಗ್ಗೆ ಸವಾನಾ, ಸಂಜೆ ಫರ್ನಾಂಡಿನಾ.

ನಿಧಾನಿ
ಏನು ನೋಡಿದ್ರಿ ದಾರಿಯಲ್ಲಿ?

ವೇಗದೂತ
ಹುಲ್ಲು.

ಕಯಾಕ್_ಗಿರಿಜೆ
ನೀವು ಹೋದ್ಮೇಲೆ ಆ ಹುಲ್ಲಿನಂಚಲ್ಲಿ ಕಯಾಕ್ ಹಿಡ್ಕೊಂಡು ಕೂತಿದ್ದವಳು ನಾನೇ ಇರಬೇಕು. 😀 ನಿಮ್ಮ ದೋಣಿ ಎಬ್ಬಿಸೋ ಅಲೆ ದಂಡೆಯ ಕೆಸರನ್ನ ಕೊರೆದು ಕೊರೆದು ಬೀಳಿಸುತ್ತೆ, ಆಯ್‌ಸ್ಟರ್ ಗುಡ್ಡೆಗಳನ್ನೂ ಬಿಡಲ್ಲ. ಚಿಕ್ಕ ತೊರೆಗಳಲ್ಲಾದ್ರೂ ಸ್ವಲ್ಪ ನಿಧಾನ ಮಾಡಿ ಸ್ವಾಮಿ.

ವೇಗದೂತ
ನೋ ವೇಕ್ (ಅಲೆ ಎಬ್ಬಿಸಬೇಡಿ) ಅಂತ ಬೋರ್ಡ್ ಇರೋ ಕಡೆಯೆಲ್ಲ ನಿಧಾನ ಮಾಡ್ತೀನಿ ಮೇಡಂ. ಹಂಗೆ ನೋಡಿದ್ರೆ ಅರೆಬರೆ ವೇಗದಲ್ಲಿ ಹೋಗೋ ದೊಡ್ಡ ದೋಣಿಗಳೇ ಎಲ್ಲಕ್ಕಿಂತ ಕೆಟ್ಟ ಅಲೆ ಎಬ್ಬಿಸೋದು.

ಎಂಜಿನ್_ಮೂರ್ತಿ
ಆ ಮಾತು ಮಾತ್ರ ಸರಿ. ಟ್ರಾಲರ್ ತರಹದ ದೋಣಿ ನೀರನ್ನ ಸೀಳಿಕೊಂಡೇ ಹೋಗಬೇಕು, ನೀರಿನ ಮೇಲೆ ಹಾರಲ್ಲ. ನೀರುಮಟ್ಟದಲ್ಲಿ ಅದರ ಉದ್ದ 34 ಅಡಿ ಇದ್ರೆ, ಅದರ ವರ್ಗಮೂಲವನ್ನ 1.34ರಿಂದ ಗುಣಿಸಿ: ಹೆಚ್ಚುಕಡಿಮೆ 7.8 ನಾಟ್, ಅಂದ್ರೆ ಗಂಟೆಗೆ 9 ಮೈಲಿ, ಅದೇ ಅದರ ಮಿತಿ. ಅದರಾಚೆ ಎಷ್ಟು ಡೀಸೆಲ್ ಸುರಿದ್ರೂ ಹಿಂಭಾಗ ಕುಸಿದು ಅಲೆ ದೊಡ್ಡದಾಗುತ್ತೇ ಹೊರತು ದಾರಿ ಸಾಗಲ್ಲ. 6 ನಾಟ್‌ನಲ್ಲಿ (ನಿಮ್ಮ ಲೆಕ್ಕದ 7 ಮೈಲಿ ಆಸುಪಾಸು) ಇಟ್ಟರೆ ಒಂಟಿ ಎಂಜಿನ್‌ಗೆ ಗಂಟೆಗೆ ಎರಡು ಗ್ಯಾಲನ್ ಆಸುಪಾಸು ಸಾಕಾಗುತ್ತೆ.

ದಡದಲ್ಲಿದ್ದವ
ಸರಿ, ಉಬ್ಬರ ಇಳಿತ ಅರ್ಥ ಆಯ್ತು. ಹಾಗಾದ್ರೆ ನೀರು ಪೂರ್ತಿ ತುಂಬಿದಾಗ ಹೊರಟುಬಿಟ್ರೆ ಆಯ್ತಲ್ವಾ? ಆಗ ಎಲ್ಲಾ ಕಡೆ ಆಳ ಇರುತ್ತೆ.

ಕುಂದಾಪ್ರದ_ಭಟ್ರು
ಅಯ್ಯೋ ಬೇಡ ಮಾರಾಯ್ರೆ! ನಾನು ಅಮೆರಿಕ ನೋಡಿದವನಲ್ಲ, ಪಂಚಗಂಗಾವಳಿ ಹೊಳೆಯಲ್ಲಿ ದೋಣಿ ಹಾಕಿದವನು. ನೀರು ನೀರೇ ಅಲ್ವಾ. ತುಂಬಿದ ಹೊತ್ತಲ್ಲಿ ಸಿಕ್ಕಿಹಾಕಿಕೊಂಡ್ರೆ ಆಮೇಲೆ ನೀರು ಇಳಿಯೋದೇ. ಮುಂದಿನ ಉಬ್ಬರದ ತನಕ ದೋಣಿ ಅಲ್ಲೇ ವಾರೆಯಾಗಿ ಮಲಗುತ್ತೆ. ಅದೂ ಹುಣ್ಣಿಮೆಯ ತುಂಬುನೀರಲ್ಲಿ ಮೇಲೆ ಹತ್ತಿ ಕೂತರೆ ಮರುದಿನದ ಉಬ್ಬರ ಅಷ್ಟು ಎತ್ತರ ಬರಲಿಕ್ಕಿಲ್ಲ. ಆಮೇಲೆ ಅಲ್ಲೇ ಸಂಸಾರ.

ನಿಧಾನಿ
ಭಟ್ರು ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ವಿಷಯ. ನೀರು ತುಂಬಿದಾಗ ಜೌಗೆಲ್ಲ ಮುಳುಗಿ ಹುಲ್ಲಿನ ತುದಿ ಮಾತ್ರ ಕಾಣುತ್ತೆ, ಕಾಲುವೆ ಎಲ್ಲಿ ತಿರುಗುತ್ತೆ ಗೊತ್ತೇ ಆಗಲ್ಲ. ಅರ್ಧ ಉಬ್ಬರ, ನೀರು ಏರ್ತಾ ಇರೋ ಹೊತ್ತು ಒಳ್ಳೇದು. ಕೆಸರ ದಂಡೆ ಇನ್ನೂ ಕಾಣ್ತಿರುತ್ತೆ, ತಗುಲಿಕೊಂಡ್ರೂ ಇಪ್ಪತ್ತು ನಿಮಿಷದಲ್ಲಿ ನೀರೇ ಎತ್ತಿ ಬಿಡುತ್ತೆ.

ನನಗೆ ಇದು ಗೊತ್ತಾಗಿದ್ದು ಬೆಲೆ ತೆತ್ತ ಮೇಲೆ. ಲಿಟಲ್ ಮಡ್ ರಿವರ್ ಅಂತ ಡೇರಿಯನ್ ಊರಿನ ದಕ್ಷಿಣಕ್ಕೆ ಬರುತ್ತೆ, ಹೆಸರಲ್ಲೇ ಕೆಸರಿದೆ, ನಾನು ಓದಿಕೊಳ್ಳಲಿಲ್ಲ. ಇಳಿತ ಶುರುವಾಗಿ ಎರಡು ಗಂಟೆ ಆಗಿತ್ತು. "ಇನ್ನೂ ನೀರಿದೆ, ನಡಿ" ಅಂತ ನುಗ್ಗಿದೆ. ಮೆತ್ತಗೆ ಬ್ರೇಕ್ ಹಾಕಿದ ಹಾಗೆ ದೋಣಿ ನಿಂತಿತು, ಸದ್ದೇ ಇಲ್ಲ. ರಿವರ್ಸ್ ಹಾಕಿದೆ, ಎಂಜಿನ್‌ಗೆ ನೀರೆಳೆಯೋ ಕೊಳವೆಗೆ ಕೆಸರು ನುಗ್ಗಿ ಬಿಸಿ ಏರಿತು. ಆಫ್ ಮಾಡಿದೆ. ಎಂಟು ಗಂಟೆ ಹತ್ತಿರ ಕೂತೆವು. ದೋಣಿ ಒಂದು ಪಕ್ಕಕ್ಕೆ ವಾಲಿ, ಒಲೆ ಮೇಲಿದ್ದ ಉಪ್ಪಿಟ್ಟು ಬಾಣಲೆ ಸಮೇತ ಜಾರಿ ನನ್ನ ಹೆಂಡತಿಯ ಕಾಲ ಬುಡಕ್ಕೆ ಬಂತು. ಅವಳು ಏನೂ ಹೇಳಲಿಲ್ಲ. ಅದೇ ಹೆಚ್ಚು ಭಯ.

ಆದ್ರೆ ಆ ಎಂಟು ಗಂಟೆಯಲ್ಲಿ ನೋಡಿದ್ದನ್ನ ಮರೆಯಕ್ಕಾಗಲ್ಲ. ನೀರು ಇಳಿದ ಹಾಗೆ ದಂಡೆ ತುಂಬ ಫಿಡ್ಲರ್ ಏಡಿಗಳು, ಗಂಡಿಗೆ ಒಂದೇ ಕೈ ದೊಡ್ಡದು, ಸಾವಿರಾರು ಕೈ ಒಟ್ಟಿಗೆ ಬಾ ಬಾ ಅಂತ ಆಡ್ತಾ ಇದ್ದವು. ಎರಡು ಡಾಲ್ಫಿನ್ ಮೀನನ್ನ ದಂಡೆಗೆ ಅಟ್ಟಿ, ತಾವೂ ಅರ್ಧ ಮೈ ಕೆಸರ ಮೇಲೆ ಹತ್ತಿ ತಿಂದು ವಾಪಸ್ ಜಾರಿದವು. ನೀರು ಏರೋಕೆ ಶುರುವಾದಾಗ ಚಿಕ್ಕ ಬಸವನಹುಳುಗಳು ಹುಲ್ಲಿನ ದಂಟು ಹತ್ತಿಕೊಂಡು ಮೇಲೆ ಮೇಲೆ ಹೋಗ್ತಿದ್ದವು, ನೀರಿನ ಜೊತೆ ಬರೋ ಏಡಿಗಳಿಂದ ತಪ್ಪಿಸ್ಕೊಳ್ಳೋಕೆ.

ವೇಗದೂತ
ಓ, ಹುಲ್ಲಲ್ಲಿ ಅಷ್ಟೆಲ್ಲ ಇತ್ತಾ.

ಧಾರವಾಡದಾಕಿ
ನಮಗ ದೋಣಿ ಅಂದ್ರ ತೆಪ್ಪ ಒಂದ ಗೊತ್ತ್ರೀ. ಆದ್ರೂ ಓದಾಕತ್ತೀನಿ, ಮುಂದ ಹೇಳ್ರಿ. ಉಪ್ಪಿಟ್ಟು ಏನಾತು?

ನಿಧಾನಿ
ಕೆಳಗಿಂದ ತೆಗೆದು ತಿಂದೆವು ಅಕ್ಕಾ. ಮೇಲಿನ ಪದರ ಚೆನ್ನಾಗೇ ಇತ್ತು.

ಪದಚಿಂತಕ
ವಿಷಯಾಂತರಕ್ಕೆ ಕ್ಷಮಿಸಿ. ಸಾಲ್ಟ್ ಮಾರ್ಷ್‌ಗೆ ಕನ್ನಡದಲ್ಲಿ ಏನನ್ನೋಣ? ಉಪ್ಪುಜೌಗು? ನಮ್ಮ ಅಘನಾಶಿನಿ ಕಡೆ ಗಜನಿ ಅಂತಾರಲ್ಲ, ಅದನ್ನೇ ಯಾಕೆ ಬಳಸಬಾರದು? ಬ್ಯಾರಿಯರ್ ಐಲ್ಯಾಂಡ್‌ಗೆ ಕುದ್ರು ಅನ್ನಬಹುದು.

ಕುಮಟಾದ_ಮಗ
ಗಜನಿ ಆಗೋದಿಲ್ಲ. ಗಜನಿ ಅಂದ್ರೆ ಹೊಳೆನೀರಿಗೆ ಕಟ್ಟೆ ಹಾಕಿ ಮಾಡಿಕೊಂಡ ಗದ್ದೆ. ಮಳೆಗಾಲದಲ್ಲಿ ಉಪ್ಪು ತಗ್ಗಿದಾಗ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಮನುಷ್ಯರ ಕೈ ಬಿದ್ದ ಜಾಗ. ಜಾರ್ಜಿಯಾದ್ದು ತಾನಾಗಿ ಬೆಳೆದ ಹುಲ್ಲು, ಸ್ಪಾರ್ಟಿನಾ. ಉಪ್ಪುನೀರನ್ನೇ ಹೀರಿ, ಹೆಚ್ಚಾದ ಉಪ್ಪನ್ನ ಎಲೆಯಿಂದ ಹೊರಗೆ ಹಾಕುತ್ತೆ. ಎಲೆ ಸವರಿ ಬೆರಳು ನೆಕ್ಕಿ ನೋಡಿ, ಗೊತ್ತಾಗುತ್ತೆ.

ಕುಂದಾಪ್ರದ_ಭಟ್ರು
ಕುದ್ರು ಕೂಡ ಅಲ್ಲ. ಕುದ್ರು ಹೊಳೆಯೊಳಗಿನದ್ದು. ಹೊಳೆಗೂ ಕಡಲಿಗೂ ನಡುವೆ ಇರುವ ಮರಳ ಪಟ್ಟಿಗೆ ನಾವು ಬೆಂಗ್ರೆ ಅಂತ ಹೇಳುದು. ಕೋಡಿ ಬೆಂಗ್ರೆ, ತೋಟ ಬೆಂಗ್ರೆ ಎಲ್ಲ ಕೇಳಿದ್ದೀರಲ್ಲ.

ಪದಚಿಂತಕ
ಬೆಂಗ್ರೆ! ಸಿಕ್ತು. ಇನ್ನು ಮುಂದೆ ಕಂಬರ್ಲೆಂಡ್ ಬೆಂಗ್ರೆ, ಸಪೆಲೋ ಬೆಂಗ್ರೆ.

ಕುಮಟಾದ_ಮಗ
ಸುತ್ತ ನೀರಿಲ್ಲದೆ ಒಂದು ಕಡೆ ನೆಲಕ್ಕೆ ಅಂಟಿಕೊಂಡಿದ್ರೆ ಅದು ದ್ವೀಪ ಹೇಗಾಗುತ್ತೆ ಅಂತ ಈಗ ಯಾರಾದ್ರೂ ಕೇಳ್ತಾರೆ ನೋಡಿ.

ಭೂಗರ್ಭ
ಕೇಳಲ್ಲ, ಬೇರೆ ವಿಷಯ ಹೇಳ್ತೀನಿ. ಜಾರ್ಜಿಯಾದ ಬೆಂಗ್ರೆಗಳು (ಬಂತಲ್ಲ ಬಾಯಿಗೆ) ಗಿಡ್ಡ, ದಪ್ಪ. ಉತ್ತರ ಕೆರೊಲಿನಾದ ಔಟರ್ ಬ್ಯಾಂಕ್ಸ್ ನೋಡಿ, ಉದ್ದಕ್ಕೆ ದಾರದ ಹಾಗೆ ತೆಳ್ಳಗೆ. ಕಾರಣ ಮತ್ತೆ ಅದೇ ಉಬ್ಬರ. ಅಲ್ಲಿ ಉಬ್ಬರ ಎರಡು ಮೂರು ಅಡಿ, ಕಾರುಬಾರೆಲ್ಲ ಅಲೆಗಳದ್ದು, ಮರಳನ್ನ ಉದ್ದಕ್ಕೆ ಎಳೀತಾವೆ. ಜಾರ್ಜಿಯಾ ಇರೋದು ಕರಾವಳಿ ಬಿಲ್ಲಿನ ಹಾಗೆ ಒಳಗೆ ಬಾಗಿದ ನಡುಭಾಗದಲ್ಲಿ, ಸಮುದ್ರದ ನೀರು ಆಲಿಕೆಗೆ ಸುರಿದ ಹಾಗೆ ಅಲ್ಲಿ ಒತ್ತಿ ಏರುತ್ತೆ. ಅಷ್ಟು ನೀರು ದಿನಕ್ಕೆರಡು ಸಲ ಒಳಗೆ ಬಂದು ಹೊರಗೆ ಹೋಗಬೇಕಲ್ಲ, ಅದಕ್ಕೆ ಪ್ರತಿ ಹತ್ತು ಹದಿನೈದು ಮೈಲಿಗೆ ಒಂದು ದೊಡ್ಡ ಅಳಿವೆ ಕೊರೆದಿದೆ. ವಾಸಾ, ಒಸಬಾ, ಸೇಂಟ್ ಕ್ಯಾಥರಿನ್ಸ್, ಸಪೆಲೋ, ಡೋಬಾಯ್, ಆಲ್ಟಮಹಾ, ಸೇಂಟ್ ಸೈಮನ್ಸ್, ಸೇಂಟ್ ಆಂಡ್ರ್ಯೂ. ಚಾರ್ಟಿನಲ್ಲಿ ಸೌಂಡ್ ಅಂತ ಬರೆದಿರೋದು ಇಂಥವನ್ನೇ. ಹಿಂದುಗಡೆ ಮೈಲಿಗಟ್ಟಲೆ ಹುಲ್ಲು. ನೂರು ಮೈಲಿ ಉದ್ದದ ಕರಾವಳಿ, ಆದ್ರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಉಳಿದಿರೋ ಉಪ್ಪುಜೌಗಿನ ಮೂರನೇ ಒಂದು ಭಾಗದಷ್ಟು ಅಲ್ಲೇ ಇದೆ. 1970ರಲ್ಲೇ ಜೌಗು ರಕ್ಷಣೆಗೆ ಕಾನೂನು ಮಾಡಿದ ರಾಜ್ಯ.

ನಿಧಾನಿ
ಭೂಗರ್ಭ ಅವರ ಮಾತು ದೋಣಿಯವನಿಗೆ ಹೇಗೆ ಉಪಯೋಗಕ್ಕೆ ಬರುತ್ತೆ ಹೇಳ್ತೀನಿ, ಮೂಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಒಂದು ಬೆಂಗ್ರೆಯ ಎರಡೂ ತುದಿಗೆ ಅಳಿವೆ ಇರುತ್ತೆ. ಉಬ್ಬರ ಬಂದಾಗ ಎರಡೂ ಕಡೆಯಿಂದ ನೀರು ಒಳಗೆ ನುಗ್ಗಿ ಬೆಂಗ್ರೆಯ ಬೆನ್ನಿಗೆ ಎಲ್ಲೋ ನಡುವೆ ಸಂಧಿಸುತ್ತೆ. ಅಲ್ಲಿ ಹರಿವು ನಿಲ್ಲುತ್ತೆ, ಹೊತ್ತು ತಂದ ಕೆಸರು ಕೂರುತ್ತೆ. ಆಳ ಕಮ್ಮಿ ಇರೋದು ಅಲ್ಲೇ. ಕಂಬರ್ಲೆಂಡ್ ಹಿಂದೆ ಅಂಥ ಜಾಗಕ್ಕೆ ಡಿವೈಡಿಂಗ್ಸ್ ಅಂತಲೇ ಹೆಸರು. ಈಗ ಲೆಕ್ಕ ನೋಡಿ: ಉತ್ತರದ ಅಳಿವೆಯಿಂದ ಉಬ್ಬರದ ಜೊತೆ ಒಳಗೆ ಹೊಕ್ಕರೆ ನೀರು ಬೆನ್ನಿಗೆ ಕೈಯಿಟ್ಟು ತಳ್ಳುತ್ತೆ. ನಡುವಿನ ಕೆಸರ ಜಾಗ ಸೇರೋ ಹೊತ್ತಿಗೆ ನೀರು ಸಾಕಷ್ಟು ಏರಿರುತ್ತೆ. ದಾಟಿದ ಮೇಲೆ ಇಳಿತ ಶುರುವಾಗಿ ದಕ್ಷಿಣದ ಅಳಿವೆಗೆ ಅದೇ ಒಯ್ಯುತ್ತೆ. ಹೊತ್ತು ತಪ್ಪಿದ್ರೆ ಎಲ್ಲ ಉಲ್ಟಾ. ಎರಡೂ ಅರ್ಧದಲ್ಲಿ ಎದುರು ಹರಿವು, ನಡುವೆ ನೀರಿಲ್ಲ. ನಿಮ್ಮ 7 ಮೈಲಿ ಐದಾಗುತ್ತೆ.

ಹೀಗೆ ದಿನಕ್ಕೆ ಒಂದು, ಹೆಚ್ಚೆಂದ್ರೆ ಎರಡು ಬೆಂಗ್ರೆ. ಉಳಿದ ಹೊತ್ತು ಲಂಗರು ಹಾಕಿ ಕಾಯೋದು. ಅದಕ್ಕೇ ನಿಮ್ಮ ಗೆಳೆಯರು ನಕ್ಕಿದ್ದು.

ದಡದಲ್ಲಿದ್ದವ
ಇದನ್ನ ಮೂರು ಸಲ ಓದಿದೆ. ಗೆಳೆಯರಿಗೆ ಫೋನ್ ಮಾಡಿ ಹೇಳಿದೆ, "ಹ್ಞೂಂ, ಈಗ ಗೊತ್ತಾಯ್ತಾ" ಅಂದ್ರು. ರಜೆ ಆರು ದಿನಕ್ಕೆ ಬದಲಾಯಿಸಿದ್ದೀನಿ. ಇನ್ನು ಸಣ್ಣ ಪ್ರಶ್ನೆಗಳು. ಕಾಲುವೆಯ ಅಂಚು ತೋರಿಸೋ ಕೆಂಪು ಗುರುತು ಬಲಕ್ಕೆ, ಹಸಿರು ಎಡಕ್ಕೆ, ಅಷ್ಟೇ ತಾನೇ?

ವೇಗದೂತ
ಅಷ್ಟೇ.

ಎಂಜಿನ್_ಮೂರ್ತಿ
ಅಷ್ಟೇ ಅಲ್ಲ, ದಯವಿಟ್ಟು. ವಾಟರ್‌ವೇಯಲ್ಲಿ ದಕ್ಷಿಣಕ್ಕೆ ಹೋಗುವಾಗ ಕೆಂಪು ಬಲಕ್ಕೆ ನಿಜ. ಆದ್ರೆ ಅಳಿವೆ ದಾಟುವಾಗ ಸಮುದ್ರದಿಂದ ಒಳಬರೋ ಹಡಗುಗಳ ಕಾಲುವೆಯ ಗುರುತುಗಳೂ ಅಡ್ಡ ಬರ್ತವೆ, ಅವುಗಳ ಬಲ ಎಡ ಬೇರೆ. ಗುರುತಿನ ಮೇಲೆ ಚಿಕ್ಕ ಹಳದಿ ಚಿಹ್ನೆ ಹುಡುಕಿ. ಹಳದಿ ತ್ರಿಕೋನ ಇದ್ರೆ ಬಣ್ಣ ಯಾವುದೇ ಇರಲಿ ನಿಮ್ಮ ಬಲಕ್ಕೆ, ಹಳದಿ ಚೌಕ ಇದ್ರೆ ಎಡಕ್ಕೆ. ಸೇಂಟ್ ಸೈಮನ್ಸ್ ಅಳಿವೆಯಲ್ಲಿ ಕಾರು ತುಂಬಿದ ದೊಡ್ಡ ಹಡಗುಗಳು ಬ್ರನ್ಸ್‌ವಿಕ್ ಬಂದರಿಗೆ ಓಡಾಡ್ತಾವೆ, ಅವಕ್ಕೆ ದಾರಿ ಬಿಡಿ. ವಿಎಚ್‌ಎಫ್ ರೇಡಿಯೋದಲ್ಲಿ 16, 13 ಎರಡೂ ಚಾನೆಲ್ ಕೇಳ್ತಾ ಇರಿ.

ಕಯಾಕ್_ಗಿರಿಜೆ
ಗೋಲ್ಡನ್ ರೇ ಮಗುಚಿದ್ದು ಅಲ್ಲೇ ಅಲ್ವಾ?

ಎಂಜಿನ್_ಮೂರ್ತಿ
ಅಲ್ಲೇ. 2019ರ ಸೆಪ್ಟೆಂಬರ್ 8. ಸುಮಾರು 4,200 ಕಾರು ಹೊತ್ತು ಹೊರಟಿದ್ದ ಹಡಗು ತಿರುವಿನಲ್ಲಿ ಪಕ್ಕಕ್ಕೆ ಉರುಳ್ತು. ಸಿಬ್ಬಂದಿ ಎಲ್ಲಾ ಬದುಕಿದ್ರು. ಅದನ್ನ ಎಂಟು ತುಂಡು ಮಾಡಿ ಸಾಗಿಸಿ ಮುಗಿಸೋಕೆ 2021ರ ಅಕ್ಟೋಬರ್ ತನಕ ಹಿಡೀತು.

ನಿಧಾನಿ
ಮಕ್ಕಳಿರೋದ್ರಿಂದ ಇನ್ನೊಂದು. ಸೇಂಟ್ ಆಂಡ್ರ್ಯೂ ಅಳಿವೆಯಲ್ಲಿ ವಾಟರ್‌ವೇ ಬಹುತೇಕ ಸಮುದ್ರದ ಬಾಯಿಗೇ ಹೋಗಿ ತಿರುಗುತ್ತೆ. ಪೂರ್ವದ ಗಾಳಿಗೆ ಎದುರಾಗಿ ಇಳಿತ ಹೊರಗೆ ಹರೀತಿದ್ರೆ ಅಲೆ ಕಡಿದಾಗಿ ನಿಲ್ಲುತ್ತೆ. ಅವತ್ತು ಅದಕ್ಕೆ ಮುಂಚೆ ಸಿಗೋ ಜೆಕಿಲ್ ದ್ವೀಪದಲ್ಲೇ ಇದ್ದುಬಿಡಿ. ಜೆಕಿಲ್ ಕ್ರೀಕ್ ಕೂಡ ಇಳಿತದಲ್ಲಿ ನಂಬೋ ಹಾಗಿಲ್ಲ, 2019ರಲ್ಲಿ ಹೂಳೆತ್ತಿದ್ರು, ಆದ್ರೆ ಹೂಳಿಗೆ ಬರೋಕೆ ಯಾರ ಅನುಮತೀನೂ ಬೇಡ.

ಹಗ್ಗಸರಪಳಿ
ಲಂಗರಿನ ಬಗ್ಗೆ ಯಾರೂ ಹೇಳಲಿಲ್ಲ. ಹೊಸಬರು ತಪ್ಪೋದು ಇಲ್ಲೇ. ಸಂಜೆ ಇಳಿತದಲ್ಲಿ ನಿಲ್ಲಿಸ್ತೀರಿ, ಆಳದ ಮೀಟರ್ 10 ಅಡಿ ತೋರಿಸುತ್ತೆ. ದೋಣಿಯ ಮೂತಿ ನೀರಿಂದ 4 ಅಡಿ ಮೇಲೆ. ಒಟ್ಟು 14, ಅದರ ಏಳುಪಟ್ಟು ಅಂದ್ರೆ 98 ಅಡಿ ಲಂಗರಿನ ಹಗ್ಗ ಬಿಟ್ಟು ನೆಮ್ಮದಿಯಾಗಿ ಮಲಗ್ತೀರಿ. ರಾತ್ರಿ 8 ಅಡಿ ಉಬ್ಬರ ಏರಿದ್ರೆ ಅದು 22. ನಿಮ್ಮ ಏಳುಪಟ್ಟು ನಾಲ್ಕೂವರೆಗೆ ಇಳೀತು. ಗಾಳಿ ಎದ್ದರೆ ಲಂಗರು ಕಿತ್ತು ಬರುತ್ತೆ. 22ಕ್ಕೆ ಏಳುಪಟ್ಟು 154 ಅಡಿ, ಅಷ್ಟು ಬಿಡಿ. ಜೊತೆಗೆ ಆರು ಗಂಟೆಗೊಮ್ಮೆ ಹರಿವು ತಿರುಗಿ ದೋಣಿ ಪೂರ್ತಿ ಸುತ್ತುತ್ತೆ, ಅಷ್ಟು ಜಾಗ ಸುತ್ತಲೂ ಇರಬೇಕು. ಕೆಸರು ಮಾತ್ರ ಗಟ್ಟಿಯಾಗಿ ಹಿಡಿಯುತ್ತೆ. ಎತ್ತುವಾಗ ಎರಡು ಬಕೆಟ್ ಇಟ್ಟುಕೊಳ್ಳಿ, ಕರೀ ಜಿಗಟು ಸರಪಳಿ ತುಂಬ ಬರುತ್ತೆ, ಕೊಳೆತ ಮೊಟ್ಟೆ ವಾಸನೆ.

ಧಾರವಾಡದಾಕಿ
ಅಷ್ಟ ಚಂದದ ಜಾಗದಾಗ ಕೊಳೆತ ಮೊಟ್ಟಿ ವಾಸನಿ ಯಾಕ್ರೀ?

ಭೂಗರ್ಭ
ಕೆಸರಿನೊಳಗೆ ಗಾಳಿ ಇಲ್ಲ ಅಕ್ಕಾ. ಅಲ್ಲಿನ ಸೂಕ್ಷ್ಮಾಣು ಸಮುದ್ರದ ನೀರಿನ ಸಲ್ಫೇಟ್ ಬಳಸಿ ಸತ್ತ ಹುಲ್ಲನ್ನ ಕೊಳೆಸ್ತಾವೆ, ಹೈಡ್ರೋಜನ್ ಸಲ್ಫೈಡ್ ಬರುತ್ತೆ. ಅಲ್ಲಿ ಹುಟ್ಟಿದವರಿಗೆ ಅದೇ ಊರಿನ ವಾಸನೆ.

ಕಯಾಕ್_ಗಿರಿಜೆ
ನೊಣಕ್ಕಿಂತ ಚಿಕ್ಕದೊಂದು ಹುಳ ಇದೆ, ನೋ-ಸೀ-ಅಮ್ ಅಂತಾರೆ, ಕಣ್ಣಿಗೇ ಕಾಣಲ್ಲ, ಕಚ್ಚಿದ್ಮೇಲೆ ಗೊತ್ತಾಗುತ್ತೆ. ಏಪ್ರಿಲ್ ಅದರ ಹಬ್ಬ. ಮಾಮೂಲಿ ಸೊಳ್ಳೆ ಪರದೆಯಲ್ಲಿ ಆರಾಮಾಗಿ ನುಸುಳುತ್ತೆ, ಇನ್ನೂ ಸಣ್ಣ ಕಣ್ಣಿನ ಜಾಲರಿ ಬೇಕು. ಗಾಳಿ ಬೀಸ್ತಿದ್ರೆ ಬರಲ್ಲ, ಅದಕ್ಕೆ ತೊರೆಯ ಮೂಲೆ ಹುಡುಕದೆ ಬಯಲಲ್ಲಿ ಲಂಗರು ಹಾಕಿ.

ದಡದಲ್ಲಿದ್ದವ
ಹೆಂಡತಿ ಈ ಮಾತು ಓದಿ ಫೋನ್ ವಾಪಸ್ ಕೊಟ್ಟಳು.

ನಿಧಾನಿ
ರಾತ್ರಿಯ ಸದ್ದಿನ ಬಗ್ಗೆ ಈಗಲೇ ಹೇಳಿಬಿಡಿ ಅವರಿಗೆ. ಎಂಜಿನ್ ನಿಲ್ಲಿಸಿ ಮಲಗಿದ್ರೆ ದೋಣಿಯ ತಳದಿಂದ ಚಟಪಟ ಚಟಪಟ, ಥೇಟ್ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಮೊದಲ ರಾತ್ರಿ ಟಾರ್ಚ್ ಹಿಡಿದು ತಳ ಒಡೀತಾ ಇದೆಯಾ ಅಂತ ನೋಡಿದವನು ನಾನು. ಅದು ಒಂದು ಬಗೆಯ ಸಿಗಡಿ, ಕೊಂಡಿಯನ್ನ ಎಷ್ಟು ವೇಗವಾಗಿ ಮುಚ್ಚುತ್ತೆ ಅಂದ್ರೆ ನೀರಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತೆ, ಆ ಸದ್ದು.

ಕುಮಟಾದ_ಮಗ
ಸಪೆಲೋ ಹತ್ತಿರ ನಿಲ್ತೀರಾ? ಅಲ್ಲಿ ಗಲ್ಲಾ ಗೀಚೀ ಜನರ (ಗುಲಾಮರಾಗಿ ತಂದ ಆಫ್ರಿಕನ್ನರ ವಂಶದವರು) ಹಳ್ಳಿ ಇದೆ, ಹಾಗ್ ಹಮಾಕ್. ಭತ್ತ ಬೆಳೆಯೋ ವಿದ್ಯೆ ಗೊತ್ತಿದ್ದ ಪಶ್ಚಿಮ ಆಫ್ರಿಕಾದವರನ್ನ ಗುಲಾಮರಾಗಿ ತಂದು ಇದೇ ಉಪ್ಪು ಜೌಗಿನಲ್ಲಿ ಭತ್ತ ಬೆಳೆಸಿದ್ರು. ನಮ್ಮ ಕಗ್ಗದ ಹಾಗೆಯೇ.

ಭೂಗರ್ಭ
ಮೊದಲರ್ಧ ಸರಿ, ಉಪ್ಪು ಜೌಗಿನಲ್ಲಿ ಅಲ್ಲ. ಭತ್ತದ ಗದ್ದೆ ಇದ್ದದ್ದು ಹೊಳೆಯ ಮೇಲ್ಭಾಗದಲ್ಲಿ, ಉಬ್ಬರದ ಒತ್ತಡಕ್ಕೆ ಸಿಹಿನೀರು ಏರೋ ಜಾಗದಲ್ಲಿ. ಉಪ್ಪು ಅಲ್ಲಿ ತನಕ ಬರಲ್ಲ. ಆಲ್ಟಮಹಾ ಹೊಳೆಯ ಹಾಗೆ. ಕಟ್ಟೆಗೆ ಮರದ ತೂಬು ಇಟ್ಟು, ಉಬ್ಬರಕ್ಕೆ ತೆರೆದು ಇಳಿತಕ್ಕೆ ಮುಚ್ಚಿ ನೀರು ತುಂಬಿಸ್ತಿದ್ರು.

ಕುಮಟಾದ_ಮಗ
ಒಪ್ಪಿದೆ. ಆದ್ರೂ ತೂಬಿನ ಕೆಲಸ ನಮ್ಮ ಗಜನಿ ಕಟ್ಟೆಯದ್ದೇ. ಅಷ್ಟು ದೂರದಲ್ಲಿ ಅದೇ ಉಪಾಯ, ಆದ್ರೆ ಅವರು ಚಾಟಿಯೇಟಿನ ಕೆಳಗೆ ಕಟ್ಟಿದ್ದು.

ನಿಧಾನಿ
ಸಪೆಲೋಗೆ ಸೇತುವೆ ಇಲ್ಲ. ಪ್ರವಾಸದ ಏರ್ಪಾಡು ಅಥವಾ ಅಲ್ಲಿನವರ ಆಹ್ವಾನ ಇಲ್ಲದೆ ಇಳಿದು ತಿರುಗಾಡೋ ಹಾಗಿಲ್ಲ, ಮೊದಲೇ ಮಾತಾಡಿಕೊಳ್ಳಿ. ಡುಪ್ಲಿನ್ ಹೊಳೆಯಲ್ಲಿ ರಾತ್ರಿ ನಿಂತು ಮುಂದೆ ಹೋಗೋದು ಸುಲಭ. ಮೊದಲ ರಾತ್ರಿ ಕಿಲ್ಕೆನಿ ಕ್ರೀಕ್, ಎರಡನೇದು ಡುಪ್ಲಿನ್, ಮೂರು ಫ್ರೆಡರಿಕಾ ಹೊಳೆ. ಅಲ್ಲಿ 1736ರ ಕೋಟೆಯ ಅವಶೇಷ ದೋಣಿಯಿಂದಲೇ ಕಾಣುತ್ತೆ. ನಾಲ್ಕು ಜೆಕಿಲ್, ಐದು ಕಂಬರ್ಲೆಂಡ್. ಆರನೇ ದಿನ ಫರ್ನಾಂಡಿನಾ ಕೂಗಳತೆ.

ಕಯಾಕ್_ಗಿರಿಜೆ
ಕಂಬರ್ಲೆಂಡ್‌ಗೆ ಒಂದಲ್ಲ ಎರಡು ರಾತ್ರಿ ಕೊಡಿ. ಹದಿನೇಳೂವರೆ ಮೈಲಿ ಉದ್ದ, 1972ರಿಂದ ರಾಷ್ಟ್ರೀಯ ಕಡಲತೀರ. ದಿನಕ್ಕೆ 300 ಜನ ಮಾತ್ರ ಅನ್ನೋ ಮಿತಿ ಬಹುಕಾಲ ಇತ್ತು. ಓಕ್ ಮರಗಳ ಕೆಳಗೆ ನಡೆದುಕೊಂಡು ಹೋದ್ರೆ ಕಾರ್ನೆಗಿ ಮನೆತನದವರ ಡಂಜನೆಸ್ ಬಂಗಲೆ, 1959ರಲ್ಲಿ ಸುಟ್ಟು ಗೋಡೆ ಮಾತ್ರ ಉಳಿದಿದೆ. ಅದರ ಅಂಗಳದಲ್ಲಿ ಯಾರದೂ ಅಲ್ಲದ ಕುದುರೆಗಳು ಮೇಯ್ತಾ ಇರ್ತವೆ. ಮಕ್ಕಳನ್ನ ಹತ್ತಿರ ಬಿಡಬೇಡಿ, ಒದೀತಾವೆ.

ವೇಗದೂತ
ಆ ಕುದುರೆಗಳನ್ನ ನಾನೂ ನೋಡಿಲ್ಲ ಮಾರಾಯ್ರೆ. ಟ್ರಾಲರಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಾ?

ದಡದಲ್ಲಿದ್ದವ
ಇದೆ, ಅಡುಗೆ ನಿಮ್ಮದಾದ್ರೆ. ಬಾಣಲೆ ಕೆಳಗೆ ಜಾರದಂತೆ ಹಿಡಿದುಕೊಳ್ಳೋ ಕೆಲಸವೂ.

ಧಾರವಾಡದಾಕಿ
ಸಣ್ಣ ಮಗಳು ಪಕ್ಕದಾಗ ಕುಂತು ಕೇಳಾಕತ್ತಾಳ. ಸುತ್ತಲೂ ಉಪ್ಪುನೀರು, ಮತ್ತ ಆ ಕುದುರಿಗೋಳು ಏನ್ ಕುಡೀತಾವಂತ?

ಕಯಾಕ್_ಗಿರಿಜೆ
ಒಳಗೆ ಸಿಹಿನೀರಿನ ಕೊಳಗಳಿವೆ ಪುಟ್ಟಾ, ಉತ್ತರದ ಕಡೆ ವಿಟ್ನಿ ಅಂತ ದೊಡ್ಡ ಕೆರೆಯೇ ಇದೆ. ತಿನ್ನೋಕೆ ಮಾತ್ರ ಆಗಾಗ ಜೌಗಿಗಿಳಿದು ಅದೇ ಉಪ್ಪು ಹುಲ್ಲನ್ನ ಮೇಯ್ತವೆ.